ತೊಳೆಯದ ಚಿಪ್ಪು

ಅಮ್ಮನ ಕಾಲು ಉಳುಕದೇ ಹೋಗಿದ್ದರೆ ಈ ಸಂಗತಿ ಇನ್ನೂ ಎಷ್ಟು ಕಾಲ ಮುಚ್ಚಿಕೊಂಡೇ ಇರುತ್ತಿತ್ತೋ ಏನೋ.

ಪೆಟ್ರೋಲು ತಯಾರಿಸುವ ಎಣ್ಣೆ ಕಾರ್ಖಾನೆಯ ಪಕ್ಕದ ಕೊಲ್ಲಿಯಲ್ಲಿ ಕಪ್ಪೆಚಿಪ್ಪು ಬಗೆದು ಮಾರುವುದು ಅಮ್ಮನ ಕೆಲಸ. ಆ ಕೊಲ್ಲಿಯ ಕೆಸರಿನ ಎಣ್ಣೆ ಚಿಪ್ಪಿನೊಳಗಿನ ಜೀವದ ಮೈಯಲ್ಲಿ ಎಷ್ಟು ಸೇರಿದೆ ಎಂದು ಸರ್ಕಾರಿ ಲ್ಯಾಬಿನಲ್ಲಿ ಅಳೆಯುವುದು ಮಗಳ ಕೆಲಸ. ತಿಂಗಳಿಗೊಮ್ಮೆ ಅಮ್ಮ ಒಂದು ಚೀಲ ಚಿಪ್ಪು ಕೊಡುತ್ತಿದ್ದಳು. ಮಗಳು ಮಾಂಸ ಬಿಡಿಸಿ, ಅರೆದು, ಯಂತ್ರಕ್ಕೆ ಕೊಟ್ಟು, 'ಮಿತಿಯೊಳಗಿದೆ' ಎಂದು ಬರೆದು ಸಹಿ ಹಾಕುತ್ತಿದ್ದಳು. ಆ ಹಾಳೆಯನ್ನು ಕೇರಿಯ ದಿನಸಿ ಅಂಗಡಿಯವನು ಬಾಗಿಲಿಗೆ ಅಂಟಿಸುತ್ತಿದ್ದ. ನಮ್ಮ ಹುಡುಗಿಯೇ ಸಹಿ ಹಾಕಿದ ಮೇಲೆ ಇನ್ನೇನು ಎಂದು ಇಡೀ ಕೇರಿ ನೆಮ್ಮದಿಯಾಗಿ ಚಿಪ್ಪು ತಿನ್ನುತ್ತಿತ್ತು. ಹೀಗೇ ಒಂಬತ್ತು ವರ್ಷ.

ಈ ಸಲ ಅಮ್ಮ ಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರಿಂದ ಮಗಳೇ ಸಮುದ್ರದ ಇಳಿತದ ಹೊತ್ತಿಗೆ ಮೊಣಕಾಲುದ್ದದ ಕೆಸರಿಗಿಳಿದು, ಸಿಕ್ಕ ಚಿಪ್ಪನ್ನು ನೇರ ಲ್ಯಾಬಿಗೆ ಒಯ್ದಳು. ಯಂತ್ರ ಕೊಟ್ಟ ಅಂಕಿ ಹಿಂದಿನ ತಿಂಗಳಿನದಕ್ಕಿಂತ ಹನ್ನೊಂದು ಪಟ್ಟು ಹೆಚ್ಚಿತ್ತು.

"ಗಾಜಿನ ಪಾತ್ರೆ ಸರಿಯಾಗಿ ತೊಳೆದಿರಲಿಕ್ಕಿಲ್ಲ, ನೋಡಮ್ಮ," ಎಂದರು ಲ್ಯಾಬಿನ ಸಾಹೇಬರು. ನೋಡಿದಳು. ಉಜ್ಜಿ ಉಜ್ಜಿ ತೊಳೆದು ಮೂರು ಸಲ ಪರೀಕ್ಷೆ ಮಾಡಿದಳು. ಅಂಕಿ ಜಗ್ಗಲಿಲ್ಲ.

ಸಂಜೆ ಮನೆಗೆ ಬಂದು ಕೈತೊಳೆಯಲು ಬಚ್ಚಲಿಗೆ ಹೋದಾಗ ಮೂಲೆಯ ನೀಲಿ ಟಬ್ಬು ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ನೋಡಿದ ಟಬ್ಬು. ಅದಕ್ಕೆ ಎಷ್ಟೋ ಸಲ ತಾನೇ ನೀರು ತುಂಬಿಸಿದ್ದಳು. ಕೈ ತೊಳೆಯದೆಯೇ ಅಮ್ಮನ ಹತ್ತಿರ ಬಂದಳು.

"ಅಮ್ಮಾ, ಲ್ಯಾಬಿಗೆ ಕೊಡೋ ಚಿಪ್ಪನ್ನೂ ಈ ಟಬ್ಬಲ್ಲಿ ಹಾಕಿಡ್ತಿದ್ಯಾ?"

"ಮತ್ತೆ? ಮಣ್ಣು ಕಾರಬೇಡ್ವಾ? ದೂರದ ಆ ಬಂಡೆ ಹತ್ರದಿಂದ ಒಳ್ಳೆ ಸಮುದ್ರದ ನೀರು ತಂದು, ಬೆಳಿಗ್ಗೆ ಸಂಜೆ ಬದಲಾಯಿಸಿ, ನಾಲ್ಕು ದಿನ ಇಡ್ತೀನಿ. ದೊಡ್ಡೋರ ಕೈಗೆ ಗಲೀಜು ಕೊಟ್ಟರೆ ನಿನ್ನ ಮರ್ಯಾದೆ ಏನಾಗ್ಬೇಕು!"

ಶುದ್ಧ ನೀರಿನಲ್ಲಿಟ್ಟರೆ ಚಿಪ್ಪು ಮಣ್ಣಿನ ಜೊತೆ ಎಣ್ಣೆಯನ್ನೂ ಬಿಡುತ್ತಾ ಹೋಗುತ್ತದೆ. ಅದು ಮಗಳಿಗೆ ಪಾಠದಲ್ಲಿ ಗೊತ್ತಿತ್ತು, ಬಚ್ಚಲಲ್ಲಿ ಗೊತ್ತಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ. ಅಮ್ಮನ ಮೇಲೆ ರೇಗಬೇಕೆನಿಸಿತು, ಆದರೆ ಯಾವಾಗ ಬಗೆದದ್ದು, ಎಲ್ಲಿಟ್ಟಿದ್ದು ಎಂದು ಒಂದು ದಿನವೂ ಕೇಳದೆ ಸಹಿ ಹಾಕಿದವಳು ತಾನೇ.

"ಮತ್ತೆ ನಾವು ತಿನ್ನೋದು?" ಮಗಳು ಒಲೆಯ ಕಡೆ ನೋಡಿದಳು. "ಅದನ್ನ ಎಷ್ಟು ದಿನ ಇಡ್ತೀಯ?"

"ನಮಗೇನು, ಒಂದು ರಾತ್ರಿ ಸಾಕು. ಮನೆಯವರಿಗೆ ಅಷ್ಟೆಲ್ಲಾ ಉಪಚಾರ ಯಾಕೆ?"

ಮಗಳ ಐದು ವರ್ಷದ ಹುಡುಗಿ ಅಜ್ಜಿಯ ಪಕ್ಕ ಕೂತು ಖಾಲಿ ಚಿಪ್ಪುಗಳನ್ನು ದೊಡ್ಡದು, ಚಿಕ್ಕದು ಎಂದು ಜೋಡಿಸುತ್ತಿದ್ದಳು. ಹಲ್ಲು ಬಂದಾಗಿನಿಂದ ಅವಳಿಗೆ ಅದೇ ಊಟ. ಮಗಳು ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಅಮ್ಮ ಕಾಲಿನ ಪಟ್ಟಿಯ ಅಂಚನ್ನು ಸವರಿದಳು.

"ನೀನು ನಿಜ ಬರೆದರೆ ಕೊಲ್ಲಿ ಮುಚ್ತಾರಾ?"

"ಮುಚ್ತಾರೆ."

"ನನ್ನ ಕೆಲಸ?"

ಅಮ್ಮ ಒಲೆಯ ಮೇಲಿದ್ದ ಚಿಪ್ಪಿನ ಸಾರಿನ ಪಾತ್ರೆಯನ್ನು ಇಳಿಸಿ, ಮುಚ್ಚಳ ಹಾಕಿ, ಮೊಮ್ಮಗಳಿಗೆ ಅನ್ನ ಹಾಲು ಕಲಸಿ ಕೊಟ್ಟಳು.

ಮರುದಿನ ಮಗಳು ಒಂಬತ್ತು ವರ್ಷದ ವರದಿಗಳೆಲ್ಲ ತಪ್ಪೆಂದು ಪತ್ರ ಬರೆದು ಸಾಹೇಬರ ಮುಂದಿಟ್ಟಳು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. "ಒಂದೇ ಸ್ಯಾಂಪಲ್ ನಂಬ್ಕೊಂಡು ಇಷ್ಟು ದೊಡ್ಡ ಮಾತಾ? ಕಾರ್ಖಾನೆಯವರು ಸುಮ್ಮನೆ ಬಿಡ್ತಾರೇನಮ್ಮ? ಇನ್ನೊಂದು ಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಕಾವಲುಗಾರ ತಡೆಯುತ್ತಿದ್ದರೂ ಅಮ್ಮ ಕುಂಟುತ್ತಾ ಒಳಗೆ ಬಂದಳು. ಕಾಲಿನ ಪಟ್ಟಿ ಕೆಸರಲ್ಲಿ ಕಪ್ಪಾಗಿತ್ತು. ಒರೆಸಿದ ನೆಲದ ಮೇಲೆ ಅವಳ ಹೆಜ್ಜೆ ಬಾಗಿಲಿನಿಂದ ಮೇಜಿನವರೆಗೆ ಮೂಡಿತು. ನೀರು ಸೋರುವ ಚೀಲವನ್ನು ಅವಳು ಸಾಹೇಬರ ಕಾಗದಗಳ ಪಕ್ಕದಲ್ಲಿಟ್ಟಳು.

"ತಗೊಳ್ಳಿ ಸಾಹೇಬ್ರೇ," ಎಂದಳು. "ತೊಳೆದಿಲ್ಲ."