ತಾಯಮ್ಮ ಕಟ್ಟಿದ ಕೊನೆಯ ಗಂಟು

ನಾನು ಮರಗೆಲಸದ ಕಾರ್ಖಾನೆಯ ಧೂಳು ಹೀರುವ ಯಂತ್ರ. ಮೇಲೆ ಬಟ್ಟೆಯ ಚೀಲ, ನಡುವೆ ಫ್ಯಾನು, ಕೆಳಗೆ ತಗಡಿನ ಡ್ರಮ್ಮು. ಕೊಯಮತ್ತೂರಿನ ಶೆಡ್ಡೊಂದರಲ್ಲಿ ನನ್ನನ್ನು ಬೆಸೆದು, ಹಸಿರು ಬಣ್ಣ ಬಳಿದು ಲಾರಿ ಹತ್ತಿಸಿದರು. ತಿಪಟೂರಿನ ನಾಗಲಿಂಗಾಚಾರರು ಅರಿಶಿನ ಕುಂಕುಮ ಹಚ್ಚಿ ಗರಗಸದ ಪಕ್ಕದಲ್ಲಿ ನಿಲ್ಲಿಸಿದರು. ಬಾಗಿಲು, ತೊಟ್ಟಿಲು ಮಾಡುವ ಮನೆತನ ಅವರದು. ನನ್ನ ಮೊದಲ ತುತ್ತು ಹೊನ್ನೆ ಮರದ ಹೊಟ್ಟು.

ನನ್ನನ್ನು ಖಾಲಿ ಮಾಡುವ ಕೆಲಸ ಕಸ ಗುಡಿಸುವ ತಾಯಮ್ಮನಿಗೆ ಬಂತು. ಹೊಟ್ಟು ತೆಗೆದವರಿಗೇ ಹೊಟ್ಟು ಎಂಬುದು ಅಲ್ಲಿಯ ವಾಡಿಕೆ. ಅವಳ ಮನೆಯ ಹೊಟ್ಟಿನ ಒಲೆ ಉರಿಯುತ್ತಿದ್ದುದೇ ಅದರಿಂದ. ಮೊದಮೊದಲು ನಾನು ನಿಂತ ಕೂಡಲೇ ಮುಚ್ಚಳ ತೆಗೆದು, ತಲೆಯೆಲ್ಲ ಧೂಳು ಮಾಡಿಕೊಳ್ಳುತ್ತಿದ್ದಳು. ಒಂದು ದಿನ ಡ್ರಮ್ಮು ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಆಚಾರರು ಅದನ್ನು ನೋಡಿ, ಮರುದಿನ ಗಾಲಿ ಹಾಕಿದ ಗಿಡ್ಡ ಹಲಗೆಯೊಂದನ್ನು ಮಾಡಿ ತಂದರು.

"ಎತ್ತಬ್ಯಾಡ ಕಣವ್ವ, ತಳ್ಳು. ಸೊಂಟ ಹೋದ್ರೆ ಅಂಗ್ಡೀಲಿ ಸಿಗಲ್ಲ."

"ಸಿಗದಿದ್ರೇನಣ್ಣ, ನೀವೇ ತೇಗದ್ದೊಂದು ಮಾಡ್ಕೊಡಿ."

ಆಮೇಲೆ ಅವಳೇ ಒಂದು ಕ್ರಮ ಕಂಡುಕೊಂಡಳು. ನಾನು ನಿಂತ ಮೇಲೆ ಧೂಳು ಕೆಳಗೆ ಕೂರುವ ತನಕ ಟೀ ಕುಡಿಯುವಳು. ಮೇಲಿನ ಚೀಲವನ್ನು ಹೊರಗಿನಿಂದಲೇ ಮೆಲ್ಲಗೆ ತಟ್ಟುವಳು. ಡ್ರಮ್ಮಿನೊಳಗೆ ಮೊದಲೇ ಹಾಸಿಟ್ಟ ಹಳೆಯ ಸೀರೆಯ ಚೀಲದ ಬಾಯನ್ನು ಒಳಗೇ ಸೇರಿಸಿ ಗಂಟು ಹಾಕುವಳು. ಡ್ರಮ್ಮನ್ನು ಪಕ್ಕಕ್ಕೆ ವಾಲಿಸಿ, ಗಂಟನ್ನು ಹಲಗೆಯ ಮೇಲಕ್ಕೆ ಜಾರಿಸುವಳು. ಒಂದು ಚೂರೂ ಚೆಲ್ಲುತ್ತಿರಲಿಲ್ಲ. ಹೋಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ನನ್ನ ಅಂಚು ಒರೆಸುವಳು. ಒರೆಸೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಒಂದು ವರ್ಷ ದಿಮ್ಮಿಗಳ ಬದಲು ಕಂದು ಬಣ್ಣದ ನುಣುಪು ಹಲಗೆಗಳು ಬಂದವು. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆಗಳು. ಮೊದಲ ತುತ್ತಿಗೇ ನನಗೆ ತಿಳಿಯಿತು. ಮರದ ಘಮವಿಲ್ಲ, ಬರೀ ಹುಳಿ ಉರಿ.

"ಇದೇನಣ್ಣ, ಹೊಟ್ಟು ರಾಗಿಹಿಟ್ಟಿನಂಗೈತೆ?" ಎಂದಳು ತಾಯಮ್ಮ.

"ಹೊಸ ಗರಗಸ ಕಣವ್ವ, ಸಣ್ಣಗೆ ಕುಯ್ತದೆ," ಎಂದರು ಆಚಾರರು.

ಗಾಲಿ ಹಲಗೆ ಮಾಡಿಕೊಟ್ಟವರ ಮಾತು. ಅವಳು ನಂಬಿದಳು.

ಆ ಚಳಿಗಾಲ ಅವಳು ಕೆಲವು ದಿನ ಬರಲಿಲ್ಲ. ಬಂದಾಗ ನೆಟ್ಟಗೆ ಆಚಾರರ ಮುಂದೆ ನಿಂತಳು.

"ನಮ್ಮತ್ತೆ ದಮ್ಮು ಕಟ್ಟಿ ಆಸ್ಪತ್ರೇಲವ್ಳೆ. ಚಳಿ ಅಂತ ಒಲೆ ಮುಂದ್ಲೇ ಕೂರೋಳು. ಒಲೆಗೆ ಏನ್ ಹಾಕ್ತೀಯ ಅಂದ್ರು ಡಾಕ್ಟ್ರು. ಹೊನ್ನೆ ಹೊಟ್ಟು ಸಾಮಿ ಅಂದೆ. ನಾನು ಹೇಳಿದ್ದು ದಿಟವಾ ಅಣ್ಣ?"

ಆಚಾರರು ಉಳಿಯನ್ನು ಕೆಳಗಿಟ್ಟರು. "ಅಂಟಿನ ಹಲಗೇದು. ಅದ್ರ ಹೊಗೆ ವಿಷ ಅಂತ ಹೇಳಿದ್ರೆ ನೀನು ಒಯ್ತಿರ್ಲಿಲ್ಲ. ಇಷ್ಟು ಹೊಟ್ಟು ನಾನೆಲ್ಲಿ ಸುರೀಲಿ ಹೇಳು?"

ತಾಯಮ್ಮ ಗಾಲಿ ಹಲಗೆಯನ್ನು ನೋಡಿದಳು. "ಇದ ಮಾಡ್ಕೊಟ್ಟಿದ್ದೂ ಅದಕ್ಕೇನಾ?"

"ಇಲ್ಲ ಕಣವ್ವ. ಅದು ನಿನ್ ಸೊಂಟ ನೋಡಕಾಗ್ದೆ ಮಾಡಿದ್ದು."

"ಅದೇ ಸಂಕ್ಟ ಕಣಣ್ಣ," ಎಂದಳು. "ಅದ ನೋಡೇ ನಿಮ್ಮ ಮಾತು ನಂಬಿದ್ದು."

ಅಂದು ನನ್ನನ್ನು ಕೊನೆಯ ಸಲ ಖಾಲಿ ಮಾಡಿದಳು. ಟೀ ಕುಡಿಯಲಿಲ್ಲ, ಆದರೂ ಧೂಳು ಕೂರುವ ತನಕ ಕಾದಳು. ತಟ್ಟಿದಳು, ಗಂಟು ಕಟ್ಟಿದಳು, ಜಾರಿಸಿದಳು. ಹಲಗೆಯನ್ನು ತನ್ನ ಮನೆಯ ಕಡೆಗೆ ತಳ್ಳದೆ, ಅಂಗಳದಾಚೆ ಆಚಾರರ ಬಚ್ಚಲ ಒಲೆಯ ಮುಂದೆ ತಂದು ನಿಲ್ಲಿಸಿದಳು. ಅಷ್ಟು ದೂರಕ್ಕೂ ನೆಲದ ಮೇಲೆ ಒಂದು ಚೂರು ಬೀಳಲಿಲ್ಲ. ಹಿಂದಿರುಗಿ ಬಂದು ನನ್ನ ಅಂಚು ಒರೆಸಿ, ಬಟ್ಟೆ ಹಿಂಡಿ ಒಣಹಾಕಿ ಹೊರಟುಹೋದಳು. ಅವಳ ಅತ್ತೆ ಉಳಿದಳೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ಆಮೇಲೆ ಬಂದವರು ಧೂಳು ಕೂರಲು ಬಿಡಲಿಲ್ಲ. ಒದ್ದು ತೆಗೆದರು, ಎಳೆದು ಸುರಿದರು. ಚೀಲ ಹರಿಯಿತು, ಡ್ರಮ್ಮು ನೆಗ್ಗಿತು. ಈಗ ನಾನು ಗುಜರಿ ಅಂಗಡಿಯ ಬೇಲಿಗೆ ಒರಗಿದ್ದೇನೆ. ನನ್ನ ಅಂಚಿನ ಮೇಲೆ ತುಕ್ಕು ಹಿಡಿಯುತ್ತಿದೆ.

ಆ ಹೊಟ್ಟು ಎಂಥದೆಂದು ಮೊದಲಿನಿಂದಲೂ ಇಬ್ಬರಿಗೆ ಗೊತ್ತಿತ್ತು, ನನಗೆ ಮತ್ತು ಆಚಾರರಿಗೆ. ನನಗೆ ಮಾತು ಬರುತ್ತಿರಲಿಲ್ಲ.