ಕಾಯಿ ಒಡೆದವನು

ಎರಡು ಪುಸ್ತಕಗಳಲ್ಲಿ ಒಂದನ್ನು ಆರಿಸುವುದೇನು ಮಹಾ ಕೆಲಸ ಅನ್ನಬೇಡಿ. ಸಪ್ನಾ ಒಂದನ್ನು ಎತ್ತಿಕೊಳ್ಳುತ್ತಿದ್ದಳು, ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಅವಳದು ಸಂಶೋಧನೆ. ಅವಳ ಅಣ್ಣ ಅಜಯಕುಮಾರನಂಥವರು ಕೆಲಸದ ಜಾಗದಲ್ಲೇ ಯಾಕೆ ಸಾಯುತ್ತಾರೆ ಎಂಬುದೇ ವಿಷಯ. "ಎರಡು ದೋಣಿಯಲ್ಲಿ ಕಾಲಿಡಬೇಡ, ಪ್ರಬಂಧಕ್ಕೆ ಆಧಾರವಾಗಿ ಸೋಮವಾರ ಒಂದೇ ಪುಸ್ತಕ ಹಿಡಿದು ಬಾ," ಎಂದಿದ್ದರು ಮಾರ್ಗದರ್ಶಕಿ ಮಧುಮತಿ ಮೇಡಂ.

ಒಂದು, ಕೆಲಸದ ಅಪಾಯದ ಅರ್ಥಶಾಸ್ತ್ರ. ಕೂಲಿಯವನು ಗಂಡಾಂತರ ತಿಳಿದೇ ಹೆಚ್ಚಿನ ಪಗಾರಕ್ಕೆ ಒಪ್ಪುತ್ತಾನೆ ಎನ್ನುತ್ತದೆ. ಇನ್ನೊಂದು, ಶ್ರಮದ ಸಮಾಜಶಾಸ್ತ್ರ. ಅಂಥ ಕೆಲಸಕ್ಕೆ ಯಾವಾಗಲೂ ಯಾರ ಮಕ್ಕಳನ್ನೇ ಕಳಿಸುತ್ತಾರೆ, ಏನು ಹೇಳಿ ಕಳಿಸುತ್ತಾರೆ ಎಂದು ಕೇಳುತ್ತದೆ.

ಏನು ಹೇಳಿ ಕಳಿಸಿದರೆಂದು ಸಪ್ನಾಳಿಗೆ ಗೊತ್ತಿತ್ತು. ಭೀಮಾ ದಂಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಕಾಕಂಬಿ, ಅಂದರೆ ಸಕ್ಕರೆ ತೆಗೆದುಳಿದ ಕಬ್ಬಿನ ಪಾಕ ತುಂಬುವ ಟ್ಯಾಂಕು ತೊಳೆಯುವ ಮುಂಚೆ ಪೂಜೆ. ಕಾಯಿ ಒಡೆದವನೇ ಮೊದಲು ಇಳಿಯಬೇಕು, ಅಲ್ಲಿಯ ರೂಢಿ ಅದು. ಗುಡಿಯ ಹೊಸ್ತಿಲು ದಾಟಗೊಡದ ಓಣಿಯ ಹುಡುಗನ ಕೈಗೆ ಗುತ್ತೇದಾರ ಕಾಯಿ ಕೊಟ್ಟ. ಅಜಯ ಹಿಗ್ಗಿ ಹೀರೇಕಾಯಿಯಾದ. ಕಾಯಿ ಒಡೆದೆ, ಮೊದಲು ಇಳಿಯುವವನೂ ನಾನೇ ಎಂದು ಅವ್ವನಿಗೆ ಫೋನು ಮಾಡಿ ಹೇಳಿದ, ಇಳಿದ, ಟ್ಯಾಂಕಿನೊಳಗಿನ ವಿಷಗಾಳಿಗೆ ಅಲ್ಲೇ ಸತ್ತ.

"ನನ್ನ ಮಗಾ ಎಲ್ಲಾರ ಮುಂದ ಕಾಯಿ ಒಡದಾನ," ಎಂದು ಅವ್ವ ಮಾಣಿಕಮ್ಮ ಇವತ್ತಿಗೂ ಓಣಿ ತುಂಬ ಹೇಳುತ್ತಾಳೆ. ಅವಳಿಗೆ ಉಳಿದದ್ದು ಅದೊಂದೇ. ಎರಡನೆಯ ಪುಸ್ತಕ ಹಿಡಿದು, ಆ ಮರ್ಯಾದೆಯೇ ಬಲೆ ಎಂದು ಬರೆದು ಅದನ್ನೂ ಕಸಿಯುವುದೇ? ಸುಡುಗಾಡು ಓದು! ಸಪ್ನಾ ಅರ್ಥಶಾಸ್ತ್ರದ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು ಊರಿಗೆಂದು ಅಫಜಲಪುರದ ಬಸ್ಸು ಹತ್ತಿದಳು.

"ಏನ್ ಬರದಾರ ಅದರಾಗ?" ಅವ್ವ ಜೋಳದ ಹಿಟ್ಟು ನಾದುತ್ತ, ಮಗಳ ಕೈಯ ಪುಸ್ತಕ ನೋಡಿ ಕೇಳಿದಳು.

"ಪಗಾರ ಹೆಚ್ಚು ಸಿಗತದಂತ, ಗೊತ್ತಿದ್ದೇ ಇಳೀತಾರಂತ, ಯವ್ವಾ."

ನಾದುವ ಕೈ ನಿಂತಿತು. "ಸುಳ್ಳ ಬರದಾರ. ಪಗಾರ ಯಾರ ಹೆಚ್ಚ ಕೊಟ್ರಬೇ? ಕಾಯಿ ಕೊಟ್ರು. ಗುತ್ತೇದಾರನ ಮಗಾನೂ ಅಲ್ಲೇ ನಿಂತಿದ್ನಂತ. ಅವನ ಕೈಯಾಗ ಯಾಕ ಕೊಡಲಿಲ್ಲಂತ ಮಣ್ಣಿಗಿಡೋ ದಿನಾನೇ ತಿಳೀತು ನನಗ."

ಸಪ್ನಾ ಪುಸ್ತಕ ಕೆಳಗಿಟ್ಟಳು. "ಮತ್ತ ಓಣಿ ತುಂಬ ಯಾಕ ಹೇಳ್ಕೋತ ಅಡ್ಡಾಡ್ತಿ?"

"ಏನ್ ಮಾಡ್ಲಿ? ಅಷ್ಟು ಖುಷಿಲೆ ಫೋನ್ ಮಾಡಿದ್ದ ಕೂಸು. 'ಇಳೀಬ್ಯಾಡೋ' ಅನ್ನಲಿಲ್ಲ ನಾ. 'ಕಾಯಿ ಸಮ ಹೋಳಾತೇನೋ ನನ್ನಪ್ಪಾ' ಅಂತ ಕೇಳಿದ್ನಿ."

ತಾಯಿ ಮಗಳು ಬಿಕ್ಕಿ ಬಿಕ್ಕಿ ಅತ್ತರು. ಹಿಟ್ಟು ಒಣಗಿತು.

ಕೊನೆಗೆ ಮಾಣಿಕಮ್ಮನೇ ಮೂಗು ಒರೆಸಿಕೊಂಡಳು. "ಫೋನಿನ್ಯಾಗ ಎರಡು ಪುಸ್ತಕ ಅಂದಿದ್ಯಲ್ಲ? ಇನ್ನೊಂದು ತೊಗೋ. ನಾ ಕೇಳಿದ ಮಾತೂ ನೀ ಬರಿಯೋದ್ರಾಗ ಬರೀ, ಬಿಡಬ್ಯಾಡ."