ಐದನೇ ನಂಬರ್ ಬೂಟು

ಬೂಟಿನ ಮೇಲೆ ಒಂದು ಗೀರೂ ಇರಲಿಲ್ಲ. ಅವ್ವನ ಕಾಲಿನ ತುಂಬ ಗೀರುಗಳಿದ್ದವು. ಎರಡನ್ನೂ ಒಟ್ಟಿಗೆ ನೋಡಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು.

ಬೆಳಗಿನ ಮಂಜಿನಿಂದ ಸಂಜೆಯವರೆಗೆ ರಾಗಿ ಕೊಯ್ದು ಬಂದ ಬೂಟು ಹೀಗಿರುವುದಿಲ್ಲ. ಒಂದು ಹುಲ್ಲೆಸಳು ಅಂಟಿಲ್ಲ, ಮಣ್ಣು ಮೆತ್ತಿಲ್ಲ, ಅಡಿಯಲ್ಲಿದ್ದ ಸೈಜಿನ ಸ್ಟಿಕ್ಕರ್ ಕೂಡ ಸವೆದಿಲ್ಲ. ಅವ್ವ ಜಗಲಿಯ ಮೇಲೆ ಕೂತು ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ತುಮಕೂರಿನಿಂದ ಕೆಲಸ ಮುಗಿಸಿ ಆಗ ತಾನೆ ಬಂದಿದ್ದೆ, ಬ್ಯಾಗನ್ನೂ ಇಳಿಸಿರಲಿಲ್ಲ.

"ಬೂಟ್ ಹಾಕ್ಕಂಡಿದ್ಯ ಇವತ್ತು?"

"ಹ್ಞೂಂ ಕಣವ್ವ, ಹಾಕ್ಕಂಡಿದ್ದೆ."

"ಸುಳ್ಳು ಹೇಳ್ಬ್ಯಾಡ."

ಅವ್ವ ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಬದೀನ್ ಮ್ಯಾಲೆ ಮಡಗಿದ್ದೆ. ಲಕ್ಷ್ಮೀಕಾಂತಣ್ಣ ಬ್ಯಾಡ ಅಂದ್ರು. ರಾಗಿ ಅಂದ್ರೆ ಲಕ್ಷ್ಮಿ ಅಲ್ವ, ಹೊಲದಾಗೆ ಎಕ್ಕಡ ಮೆಟ್ಬಾರ್ದಂತೆ. ಹೋಗ್ಲಿ ಬುಡು."

ಹೋಗಲಿ ಬಿಡು ಅನ್ನುವ ಮಾತನ್ನು ಅವ್ವ ದಿನಕ್ಕೆ ಎಷ್ಟು ಸಲ ಹೇಳುತ್ತಾಳೋ ದೇವರಿಗೇ ಗೊತ್ತು. ನನಗೆ ಬಿಡಲು ಬರುವುದಿಲ್ಲ. ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ಕಣ ಬೇರೆ, ಹೊಲ ಬೇರೆ. ಕಣದ ಮಡಿಯನ್ನು ಹೊಲದ ತನಕ ಎಳೆದವನು ಹೊಲದ ಯಜಮಾನ ಲಕ್ಷ್ಮೀಕಾಂತ್, ಅದೂ ನಮ್ಮ ಕೇರಿಯ ಹೆಂಗಸೊಬ್ಬಳು ಬೂಟು ಹಿಡಿದುಕೊಂಡು ಎದುರಿಗೆ ಬಂದು ನಿಂತ ಮೇಲೆ.

ಗುಬ್ಬಿ ಕಡೆಯ ನಮ್ಮೂರಿನಲ್ಲಿ ಅವನದು ಮೇಲಿನ ಕೇರಿ, ನಮ್ಮದು ಕೆಳಗಿನ ಕೇರಿ. ನಮ್ಮಜ್ಜಿ ಅವರ ಬೀದಿಯಲ್ಲಿ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಡೆದವಳು. ಅವ್ವ ಸಿದ್ದಲಕ್ಷ್ಮಮ್ಮ ಮೆಟ್ಟನ್ನೇ ಹಾಕದೆ ಆ ತೊಂದರೆಯನ್ನು ತಪ್ಪಿಸಿಕೊಂಡವಳು. ಈಗ ಅಂಥದ್ದೆಲ್ಲ ಎಲ್ಲಿದೆ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಅವರು ಒಂದು ಜೊತೆ ಬೂಟು ತಂದು ಅವ್ವನಿಗೆ ಹಾಕಿ ನೋಡಲಿ.

ಬೂಟು ತಂದದ್ದು ಶೋಕಿಗಲ್ಲ. ಹೋದ ಚಳಿಗಾಲದಲ್ಲಿ ಇದೇ ಲಕ್ಷ್ಮೀಕಾಂತನ ಹೊಲದಲ್ಲಿ ನಮ್ಮ ಪಕ್ಕದ ಮನೆಯ ಹೊಂಬಾಳಮ್ಮನಿಗೆ ಕೊಳಕುಮಂಡಲ ಕಚ್ಚಿತು. ಗುಬ್ಬಿಯಿಂದ ತುಮಕೂರಿಗೆ ಸಾಗಿಸುವಷ್ಟರಲ್ಲಿ ಕಾಲು ಕುಂಬಳಕಾಯಿಯಷ್ಟು ಊದಿತ್ತು. ಕಿಡ್ನಿ ಕೈಕೊಟ್ಟಿತು, ಎರಡು ಬೆರಳು ತೆಗೆದರು. ಜೀವ ಉಳಿಯಿತು ಅಷ್ಟೆ. ಈಗ ಕುಣಿಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಲಕ್ಷ್ಮೀಕಾಂತ್ ಆಸ್ಪತ್ರೆಗೆ ಕಿತ್ತಳೆ ಹಣ್ಣು ತಂದು, ಮಂಚದ ಪಕ್ಕ ನಿಂತು, "ಹಣೇಲಿ ಬರ್ದಿದ್ನ ತಪ್ಸಕಾಗ್ತದ?" ಅಂದಿದ್ದ. ಹಾವು ಕಚ್ಚಿದ್ದು ಹಣೆಗಲ್ಲ, ಕಾಲಿಗೆ. ಆ ಮಾತನ್ನು ಅವತ್ತು ಹೇಳದೆ ಬಂದದ್ದು ನನಗೆ ಇವತ್ತಿಗೂ ಉರಿಯುತ್ತದೆ.

ನಾನು ಕೆಲಸ ಮಾಡುವುದೇ ಶೂ ಅಂಗಡಿಯಲ್ಲಾದ್ದರಿಂದ ಬೂಟು ಆರಿಸುವುದು ಸುಲಭ ಅಂದುಕೊಂಡಿದ್ದೆ. ತುಮಕೂರಿನ ಮಂಡಿಪೇಟೆಯಲ್ಲಿ ನಾಸಿರಣ್ಣನ ಅಂಗಡಿ. ಫ್ಯಾಕ್ಟರಿಯವರು, ಗಾರೆ ಕೆಲಸದವರು, ಕರೆಂಟಿನವರು ನಮ್ಮಲ್ಲೇ ಶೂ ಕೊಳ್ಳುವುದು. ಅವ್ವನನ್ನು ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದ ಮೇಲೆ ಗೊತ್ತಾಯಿತು, ಇಡೀ ಅಂಗಡಿ ಗಂಡಸರ ಕಾಲಿಗೆ ಮಾಡಿದ್ದು. ಎಲ್ಲವೂ ಏಳರಿಂದ ಶುರು. ಅವ್ವನದು ಐದು. ಅದೂ ಸಾಮಾನ್ಯ ಐದಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಕಾಲು, ಮುಂದೆ ಅಗಲ, ಬೆರಳುಗಳು ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ದೂರ ದೂರ.

"ಹೆಂಗಸ್ರು ಯಾರಮ್ಮ ಕೇಳ್ತಾರೆ ಇದ್ನ?" ಅಂದರು ನಾಸಿರಣ್ಣ.

"ಹೆಂಗಸ್ರಿಗೆ ಕಾಲಿಲ್ವ ನಾಸಿರಣ್ಣ?"

ಅವರು ನಕ್ಕು ಒಳಗೆ ಹೋಗಿ ಹುಡುಕತೊಡಗಿದರು. ಮೂತಿಗೆ ಕಬ್ಬಿಣ ಇರುವ ಶೂ ಹಾಕಿ ನೋಡಿದೆವು. ಭಾರ, ಮೇಲಾಗಿ ಗಿಡ್ಡ. ಹಾವು ಕಚ್ಚುವುದು ಪಾದಕ್ಕೆ, ಗೆಣ್ಣಿಗೆ, ಅದರ ಮೇಲಕ್ಕೆ. ಹೊಲಕ್ಕೆ ಬೇಕಾದದ್ದು ಮೊಣಕಾಲಿನ ಕೆಳಗಿನ ತನಕ ಬರುವ ಗಮ್ ಬೂಟು, ಮಂಜಿನ ನೀರು ಒಳಗಿಳಿಯಬಾರದು, ಕೊಯ್ದ ಮೇಲೆ ಉಳಿಯುವ ಕೂಳೆ ಅಡಿಯಿಂದ ಚುಚ್ಚಬಾರದು. ಹೆಂಗಸರದ್ದು ಅಂತ ಒಂದು ಜೊತೆ ಸಿಕ್ಕಿತು, ಗುಲಾಬಿ ಬಣ್ಣ, ಮೇಲೆ ಬಿಳಿ ಹೂವು. ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ನ ಹಾಕ್ಕಂಡ್ರೆ ಹಾವು ಕಚ್ಚಕಿಲ್ಲ, ನಗ್ತೈತೆ ಅಷ್ಟೆ" ಅಂದಳು. ಕೊನೆಗೆ ನಾಸಿರಣ್ಣ ಗೋಡೌನಿನಿಂದ ಯಾವಾಗಲೋ ಸ್ಯಾಂಪಲ್ಲಿಗೆ ಬಂದಿದ್ದ ಪಾಚಿ ಬಣ್ಣದ ಜೊತೆಯೊಂದನ್ನು ತಂದರು. ದಪ್ಪ ಕಾಲುಚೀಲ ಹಾಕಿಸಿ, ನಿಲ್ಲಿಸಿ, ಹಿಮ್ಮಡಿಯ ಹಿಂದೆ ಬೆರಳು ಹಾಕಿ ನೋಡಿದೆ. ಹೇಳಿ ಮಾಡಿಸಿದ ಹಾಗಿತ್ತು.

ಮನೆಯಲ್ಲಿ ಹಾಕುವ ಬಗೆಯನ್ನೂ ಕಲಿಸಿಕೊಟ್ಟೆ. ಹಾಕುವ ಮುಂಚೆ ಬೋರಲು ಮಾಡಿ ಎರಡು ಸಲ ಕುಟ್ಟು, ಚೇಳು ಇದ್ದರೆ ಬೀಳುತ್ತದೆ. ಒಳಗೆ ನನ್ನ ಹಳೇ ಲೆಗ್ಗಿಂಗ್ಸ್, ಅದರ ಮೇಲೆ ಕಾಲುಚೀಲ, ಆಮೇಲೆ ಬೂಟು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸು, ಮೇಲೆ ಹೇಗೂ ತುಂಬು ತೋಳಿನ ಶರ್ಟು ಇದ್ದೇ ಇದೆ. ಅವ್ವ ಕನ್ನಡಿ ಮುಂದೆ ನಿಂತಾಗ ಚೆನ್ನಾಗೇ ಕಂಡಳು, ಪೊಲೀಸ್ ಇನ್ಸ್‌ಪೆಕ್ಟರ್ ಥರ. ನಾನು ಈ ಕಡೆ ತಿರುಗಿದ್ದೇ ತಡ, ಸಿಕ್ಕಿಸಿದ್ದ ಸೀರೆಯನ್ನು ಬಿಚ್ಚಿ ಬೂಟು ಮುಚ್ಚುವ ಹಾಗೆ ಇಳಿಬಿಟ್ಟಳು.

"ಯಾಕವ್ವ? ಸೀರೆ ನೆಂದು ನೀರೆಲ್ಲ ಬೂಟೊಳಕ್ಕೆ ಇಳೀತದೆ."

"ಕಾಣ್ಬಾರ್ದು ಕಣೇ."

"ಯಾರಿಗೆ?"

ಅವಳು ಸೀರೆಯ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು. ಯಾರಿಗೆ ಎಂದು ನನಗೂ ಗೊತ್ತಿತ್ತು.

ಈಗ ಎಣ್ಣೆ ಬಟ್ಟಲಿನ ಮುಂದೆ ನಿಂತು ನಾನು ಹೇಳಿದೆ, ನಾಳೆ ಅಂಗಡಿಗೆ ರಜ, ನಿನ್ನ ಜೊತೆ ನಾನೂ ಬರ್ತೀನಿ. ಅವ್ವ ಬೇಡ ಅಂದಳು, ಜಗಳ ಆಡಬೇಡ ಅಂದಳು. ಬರೀ ಕಂತೆ ಕಟ್ಟಲು ಬರುತ್ತೇನೆ ಅಂದೆ. ಇಬ್ಬರಿಗೂ ಅದು ಸುಳ್ಳು ಎಂದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮಂಜು ಕವಿದು ತೆಂಗಿನ ಮರಗಳ ತಲೆಯೇ ಕಾಣುತ್ತಿರಲಿಲ್ಲ. ಹಿಂದಿನ ವಾರದ ಗಾಳಿ ಮಳೆಗೆ ರಾಗಿ ಪೈರು ಮಲಗಿಬಿಟ್ಟಿದ್ದರಿಂದ ಮಿಷನ್ನಿಗೆ ಸಿಗುತ್ತಿರಲಿಲ್ಲ, ಕೈಯಲ್ಲೇ ಕೊಯ್ಯಬೇಕಿತ್ತು. ಅವ್ವನ ಜೊತೆ ನಮ್ಮ ಕೇರಿಯ ನಾಲ್ಕೈದು ಹೆಂಗಸರು. ಎಲ್ಲರದೂ ಬರಿಗಾಲು. ಮೊದಲೇ ಕೊಯ್ದು ಹಾಕಿದ್ದನ್ನು ಕಂತೆ ಕಟ್ಟಿ ಹೊಲದ ತುಂಬ ಮಲಗಿಸಿದ್ದರು. ಸಂಜೆಯೊಳಗೆ ಮಳೆ ಎಂದು ಟೀವಿಯಲ್ಲಿ ಹೇಳಿದ್ದರಿಂದ ಲಕ್ಷ್ಮೀಕಾಂತ್ ಮೆದೆ ಒಟ್ಟಿಸುವ ಅವಸರದಲ್ಲಿದ್ದ.

ನಾನು ಬದುವಿನ ಮೇಲೆ ಅವ್ವನನ್ನು ಕೂರಿಸಿ ಬೂಟು ಹಾಕಿಸಿದೆ. ಅವಳು ಎದ್ದು ಹೊಲಕ್ಕೆ ಎರಡು ಹೆಜ್ಜೆ ಇಟ್ಟಿರಬೇಕು.

"ಏನ್ಲೇ ಸಿದ್ದಿ, ನೆನ್ನೆ ಹೇಳಿದ್ದು ಕಿವೀಗೆ ಬೀಳ್ಲಿಲ್ವ? ಮಿಲ್ಟ್ರಿಗೆ ಸೇರ್ಕಂಡ್ಯ?"

ಲಕ್ಷ್ಮೀಕಾಂತ್ ಅವ್ವನಿಗಿಂತ ಚಿಕ್ಕವನು. ಬದುವಿನ ಮೇಲೆ ನಿಂತಿದ್ದ, ಕಾಲಲ್ಲಿ ಬಿಳಿ ಸ್ಪೋರ್ಟ್ಸ್ ಶೂ.

"ಬೂಟ್ ತಂದ್ಕೊಟ್ಟೋಳು ನಾನು," ಅಂದೆ. "ಏನ್ ಹೇಳೋದಿದ್ರೂ ನಂಗೆ ಹೇಳಿ."

"ಓದ್ದೋಳು, ನಿಂಗ್ ಗೊತ್ತಾಗಲ್ವೇನಮ್ಮ? ಭೂಮ್ತಾಯಿ ಮ್ಯಾಲೆ ಎಕ್ಕಡ ಇಕ್ಬಾರ್ದು. ನಮ್ಮನೇ ಹೆಂಗಸ್ರೇ ಇಕ್ಕಲ್ಲ."

"ನಿಮ್ಮನೇ ಹೆಂಗಸ್ರು ಹೊಲಕ್ಕೇ ಇಳಿಯಲ್ವಲ್ಲ. ಅಲ್ನೋಡಿ, ಗಂಗರಾಜಣ್ಣ ಶೂ ಹಾಕ್ಕಂಡೇ ಅವ್ನೆ."

ಹೊಲದ ನಡುವೆ ಟ್ರ್ಯಾಕ್ಟರ್ ಮೇಲೆ ಕೂತಿದ್ದ ಅವನ ಡ್ರೈವರ್ ಗಂಗರಾಜು ಕಾಲನ್ನು ಒಳಕ್ಕೆ ಎಳೆದುಕೊಂಡ.

"ಅವ್ನು ಗಾಡಿ ಮ್ಯಾಲೆ ಅವ್ನೆ ಕಣಮ್ಮ."

"ಗಾಡಿ ಆಕಾಶದಾಗೈತಾ?"

ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಅದೇ ಕೆಟ್ಟದ್ದಾಯಿತು. ಲಕ್ಷ್ಮೀಕಾಂತನ ಮುಖ ಗಂಟಿಕ್ಕಿತು. ಬೂಟು ಬಿಚ್ಚುವವರು ಇರಲಿ, ಬಿಚ್ಚದವರು ಮನೆಗೆ ಹೋಗಲಿ, ನಾಳೆಯಿಂದ ಈ ಕಡೆ ತಲೆ ಹಾಕುವುದು ಬೇಡ ಅಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೂತು ಬೂಟು ಬಿಚ್ಚಿ, ಎರಡನ್ನೂ ನನ್ನ ಕೈಗೆ ಕೊಟ್ಟು, ಬರಿಗಾಲಲ್ಲಿ ಮಂಜಿಗೆ ಇಳಿದಳು. ನನ್ನ ಮುಖವನ್ನೂ ನೋಡಲಿಲ್ಲ.

ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವಳ ಮೇಲೆ ಬಂತು. ಹೊಂಬಾಳಮ್ಮನ ಕಾಲನ್ನು ನೀನೇ ಬಿಸಿನೀರಲ್ಲಿ ತೊಳೆದೆಯಲ್ಲೇ, ನೋಡಲಾಗದೆ ಹಿತ್ತಲಿಗೆ ಹೋಗಿ ಅತ್ತೆಯಲ್ಲೇ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಬದುವಿನ ಮೇಲೆ ಕೂತು, ಅವ್ವ ಬಗ್ಗಿದಾಗಲೆಲ್ಲ ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಪೂರ್ವದಲ್ಲಿ ಮೋಡ ಕಪ್ಪಿಟ್ಟಿತು. ಲಕ್ಷ್ಮೀಕಾಂತ್ ಕೊಯ್ಲು ನಿಲ್ಲಿಸಿ ಕಂತೆ ಹೊರಲು ಹೇಳಿದ. ಹೆಂಗಸರು ಓಡಾಡತೊಡಗಿದರು. ಅವ್ವ ಒಂದು ಕಂತೆಗೆ ಕೈ ಹಾಕಿ ಅರ್ಧ ಎತ್ತಿದ್ದಳು. ಅದರ ಅಡಿಯಿಂದ ಕುಕ್ಕರಿನ ಉಗಿಯ ಹಾಗೆ ಬುಸ್ಸೆಂದು ಸದ್ದು ಬಂತು.

ಕಂತೆ ಬಿಸಾಡಿ ಅವ್ವ ಹಿಂದಕ್ಕೆ ಬಿದ್ದಳು. ನಾನು ಓಡಿದೆ. ಅವಳ ಎರಡು ಕಾಲನ್ನೂ ಹಿಡಿದು, ಒರೆಸಿ, ತಿರುಗಿಸಿ ನೋಡಿದೆ. ಗೀರುಗಳಿದ್ದವು, ಕೂಳೆ ಚುಚ್ಚಿದ್ದು. ಹಲ್ಲಿನ ಗುರುತು ಇರಲಿಲ್ಲ. "ಕಚ್ಲಿಲ್ಲ ಕಣವ್ವ, ಕಚ್ಲಿಲ್ಲ," ಅನ್ನುತ್ತಿದ್ದಳು. ತೋಳಿನಷ್ಟು ದಪ್ಪದ ಕೊಳಕುಮಂಡಲ ನಿಧಾನಕ್ಕೆ ಹರಿದು ಕಂತೆಗಳ ನಡುವೆ ಇನ್ನೆಲ್ಲೋ ಸೇರಿಕೊಂಡಿತು. ನಾನು ಅವ್ವನನ್ನು ಎಳೆದು ತಂದು ಬದುವಿನ ಮೇಲೆ ಕೂರಿಸಿದೆ, ಹೆಂಗಸರೆಲ್ಲ ಬದು ಹತ್ತಿ ನಿಂತರು.

ಯಾರೂ ಮತ್ತೆ ಇಳಿಯಲಿಲ್ಲ. ಗಂಗರಾಜು ಟ್ರ್ಯಾಕ್ಟರಿನಿಂದ ಇಳಿಯುವುದಿಲ್ಲ ಎಂದು ಕೂತಲ್ಲಿಂದಲೇ ಕೈಯಾಡಿಸಿದ. ಲಕ್ಷ್ಮೀಕಾಂತ್ ಮೋಡ ನೋಡಿದ, ಹೊಲದ ತುಂಬ ಬಿದ್ದಿದ್ದ ಕಂತೆ ನೋಡಿದ, ತನ್ನ ಬಿಳಿ ಶೂ ನೋಡಿಕೊಂಡ. ಆಮೇಲೆ ಅವನ ಕಣ್ಣು ಬದುವಿನ ಮೇಲೆ ಬಿದ್ದಿದ್ದ ಅವ್ವನ ಬೂಟಿನ ಮೇಲೆ ನಿಂತಿತು.

"ಸಿದ್ದಿ," ಅಂದ, "ಆ ಬೂಟ್ ಹಾಕ್ಕಳೆ. ಹಾಕ್ಕಂಡು ನೀನೊಬ್ಳೇ ಬಿರ್ರನೆ ಕಂತೆ ಎಳ್ದಾಕು. ಬೂಟೈತಲ್ಲ, ಏನಾಗಕಿಲ್ಲ."

ಇಷ್ಟು ಹೊತ್ತು ಎಕ್ಕಡವಾಗಿದ್ದದ್ದು ಈಗ ಬೂಟಾಗಿತ್ತು. ಬಾಯಿಗೆ ಬಂದ ಬೈಗುಳಗಳಲ್ಲಿ ಯಾವುದನ್ನು ಮೊದಲು ಬಿಡಲಿ ಎಂದು ನಾನು ಹುಡುಕುತ್ತಿರುವಾಗ ಅವ್ವ ಎದ್ದಳು. ಬೂಟು ಎತ್ತಿಕೊಂಡಳು. ಹಾಕಿಕೊಳ್ಳುತ್ತಾಳೆ, ಈಗಲೂ ಹೋಗಲಿ ಬಿಡು ಅಂದು ಇಳಿದುಬಿಡುತ್ತಾಳೆ ಅಂದುಕೊಂಡೆ. ಅವಳು ಬೋರಲು ಮಾಡಿ ಎರಡು ಸಲ ಕುಟ್ಟಿ, ಬರಿಗಾಲಲ್ಲೇ ಬದುವಿನ ಮೇಲೆ ನಡೆದು ಹೋಗಿ, ಲಕ್ಷ್ಮೀಕಾಂತನ ಮುಂದೆ ಆ ಜೊತೆಯನ್ನು ಇಟ್ಟಳು.

"ಹಾಕ್ಕಳಿ ಅಣ್ಣ. ಹೊಲ ನಿಮ್ದು."

"ಏನಂದೆ? ನಿನ್ನ ಎಕ್ಕಡ ನಾನ್ ಹಾಕ್ಕಳದಾ?"

"ಹಾವಿಗೆ ಯಾರ ಎಕ್ಕಡ ಅಂತ ಗೊತ್ತಾಗಕಿಲ್ಲ."

ಅವ್ವನ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಧ್ವನಿ ಏರಿಸಿರಲಿಲ್ಲ. ಮೊದಲ ಹನಿ ಬಿತ್ತು. ಲಕ್ಷ್ಮೀಕಾಂತ್ ಹೆಂಗಸರ ಕಡೆ ನೋಡಿದ, ಎಲ್ಲರೂ ಬೇರೆ ಕಡೆ ನೋಡಿದರು. ಹನಿ ದಪ್ಪವಾಯಿತು. ಬೈಯುತ್ತಲೇ ಒಂದು ಶೂ ಬಿಚ್ಚಿ, ಅವ್ವನ ಬೂಟಿಗೆ ಕಾಲು ತುರುಕಿದ. ಅರ್ಧಕ್ಕೆ ನಿಂತಿತು. ಎದ್ದು ನಿಂತು ಒತ್ತಿದ, ಕೂತು ಎಳೆದ. ಹಿಮ್ಮಡಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಇದ್ಯಾವ ಸೈಜೇ ಇದು?"

"ಐದು," ಅಂದೆ. "ನಿಮ್ಗೆ ಒಂಬತ್ತು ಬೇಕು. ತುಮಕೂರಲ್ಲಿ ಸಿಗ್ತವೆ, ಹೋಗ್ ತಗಂಡ್ ಬನ್ನಿ."

ಅವನು ಕಾಲು ಒದರಿ ಒದರಿ ಕೊನೆಗೆ ಬೂಟನ್ನು ಕಿತ್ತು ಎಸೆದ. ಅವ್ವ ಹೋಗಿ ಎತ್ತಿಕೊಂಡಳು, ಸೆರಗಿನಲ್ಲಿ ಒಳಗನ್ನು ಒರೆಸಿದಳು, ಎರಡೂ ಕಾಲಿಗೆ ಹಾಕಿಕೊಂಡಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಊರಿನ ದಾರಿ ಹಿಡಿದಳು. ನಾನು ಹಿಂದೆ, ನಮ್ಮ ಹಿಂದೆ ಉಳಿದ ಹೆಂಗಸರು.

ಮಳೆ ಹುಯ್ಯತೊಡಗಿತು. ಹಿಂದಿನಿಂದ ಲಕ್ಷ್ಮೀಕಾಂತ್ ಕೂಗುತ್ತಿದ್ದ. ಮೊದಲು ಬೈದ, ಆಮೇಲೆ ಗಂಗರಾಜುವನ್ನು ಕರೆದ, ಆಮೇಲೆ ಅವನ ಗಂಟಲೇ ಬದಲಾಯಿತು.

"ಸಿದ್ದಕ್ಕಾ! ರಾಗಿ ನೆನೀತೈತೆ ಕಣಕ್ಕಾ!"

ಅವ್ವ ನಿಂತಳು. ಬೇರೆಯವರ ಗಾಡಿಯಿಂದ ದಾರಿಯಲ್ಲಿ ಒಂದು ತೆನೆ ಬಿದ್ದಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡು ಬದುವಿನ ಮೇಲೆ ಇಡುವವಳು ಅವಳು. ಅವಳ ಕಣ್ಣಲ್ಲಿ ನೀರಿತ್ತು, ಮಳೆಯದಲ್ಲ. ತಿರುಗಿ ಹೋಗಿಬಿಡುತ್ತಾಳೆ ಎಂದು ಹೆದರಿ ಅವಳ ಕೈ ಹಿಡಿದುಕೊಂಡೆ.

"ನೆನೀಲಿ," ಅಂದಳು ಅವ್ವ.